ಜಾರ್ಜಿಯಾದಲ್ಲಿ ಹಂಟಿಂಗ್ ಕ್ಲಬ್ ಸೇರಬೇಕಾ? ವರ್ಷಕ್ಕೆ 1,400 ಡಾಲರ್ ಕೊಡುವಂಥದ್ದು ಅದರಲ್ಲಿ ಏನಿದೆ?

ಬೆಣ್ಣೆದೋಸೆ_ಕಮಿಂಗ್:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಈಗ ಅಟ್ಲಾಂಟಾದ ಉತ್ತರಕ್ಕಿರುವ ಕಮಿಂಗ್‌ನಲ್ಲಿ ಮನೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಇಲ್ಲೇ ಹುಟ್ಟಿ ಬೆಳೆದವರು, ಪ್ರತಿ ಚಳಿಗಾಲ ಜಿಂಕೆ ಬೇಟೆಗೆ ಹೋಗುತ್ತಾರೆ. ಅವರ ಕ್ಲಬ್ಬಿನಲ್ಲಿ ಈ ಸಲ ಒಂದು ಜಾಗ ಖಾಲಿಯಾಗಿದೆಯಂತೆ, ಸೇರುತ್ತೀಯಾ ಅಂತ ಕೇಳಿದರು. ಮೇಕನ್ ದಾಟಿ ಹೋಗಬೇಕು. 1,100 ಎಕರೆ, 12 ಜನ ಸದಸ್ಯರು, ತಲೆಗೆ ವರ್ಷಕ್ಕೆ 1,400 ಡಾಲರ್.

ಆಸೆ ಇದೆ, ಆದರೆ ಲೆಕ್ಕ ಬಗೆಹರಿಯುತ್ತಿಲ್ಲ. ಸರ್ಕಾರದ ಕಾಡು ಇದೆಯಲ್ಲ, ಲೈಸೆನ್ಸ್ ತಗೊಂಡು ಅಲ್ಲೇ ಹೋದರೆ ಆಗದಾ? ನಾನು ಇನ್ನೂ ಎಚ್-1ಬಿ ಮೇಲೆ ಇದ್ದೇನೆ, ಕೋವಿ ಮುಟ್ಟಬಹುದಾ? ಕೋವಿ ಹಿಡಿದು ಅಭ್ಯಾಸವೂ ಇಲ್ಲ. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹೊಡೆದದ್ದೇ ಕೊನೆ. ಮನೆಯವರು ಶುದ್ಧ ಸಸ್ಯಾಹಾರಿ, ಅದು ಬೇರೆ ಕಥೆ. ಇಲ್ಲಿ ಯಾರಾದರೂ ಇಂಥ ಕ್ಲಬ್ಬಿನಲ್ಲಿ ಇದ್ದರೆ ನಿಜ ಏನು ಅಂತ ಹೇಳಿ.

ಕೊಪ್ಪದ_ಅಕ್ಕ:

ನಾನು ಇದ್ದೇನೆ. ನಮ್ಮದೂ ಮಧ್ಯ ಜಾರ್ಜಿಯಾದ ಕ್ಲಬ್ಬೇ. ಹೆಂಗಸು ನಾನೊಬ್ಬಳೇ, ಕನ್ನಡದವಳೂ ನಾನೊಬ್ಬಳೇ. ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ದುಡ್ಡಿನ ವಿಷಯ. ಜಾರ್ಜಿಯಾದ ಕಾಡಿನ ಬಹುಪಾಲು ಖಾಸಗಿಯವರದ್ದು. ಮರದ ಕಂಪನಿಗಳು ಪೈನ್ ನೆಟ್ಟು ಬೆಳೆಸುವ ಜಾಗ ತುಂಬಾ ಇದೆ. ಮರ ಬೆಳೆದು ಕಡಿಯಲು ಇಪ್ಪತ್ತು ಮೂವತ್ತು ವರ್ಷ ಬೇಕು. ಅಲ್ಲಿಯತನಕ ಬೇಟೆಯ ಹಕ್ಕನ್ನು ವರ್ಷಕ್ಕಿಷ್ಟು ಅಂತ ಗುತ್ತಿಗೆ ಕೊಡುತ್ತಾರೆ. ಕ್ಲಬ್ ಅಂದರೆ ಈ ಗುತ್ತಿಗೆ ಹಿಡಿಯಲು ಸೇರಿದ ಗುಂಪು, ಅಷ್ಟೇ. ಕ್ಲಬ್ ಹೌಸು, ಸ್ವಿಮ್ಮಿಂಗ್ ಪೂಲು ಅಂತ ಕನಸು ಕಾಣಬೇಡಿ. ನಮ್ಮದರಲ್ಲಿ ಇರುವುದು ಒಂದು ಹಳೇ ಟ್ರೇಲರ್, ಒಂದು ಶೆಡ್ಡು, ಜಿಂಕೆ ತೂಗುಹಾಕಲು ಒಂದು ಕಬ್ಬಿಣದ ಕಂಬ. ನಿಮ್ಮ ಲೆಕ್ಕ ಹೀಗೆ ಇರಬಹುದು: ಎಕರೆಗೆ 13 ಡಾಲರ್ ಅಂದರೆ 14,300 ಆಯಿತು. ಮೇಲೆ ಇನ್ಶೂರೆನ್ಸ್ (ಜಾಗದವರು ಇದಿಲ್ಲದೆ ಸಹಿ ಹಾಕುವುದೇ ಇಲ್ಲ), ಜಿಂಕೆಗೆ ಮೇವು ಬೆಳೆಯಲು ಬೀಜ, ಗೊಬ್ಬರ, ಟ್ರ್ಯಾಕ್ಟರ್ ಡೀಸೆಲ್ ಸೇರಿ 2,500. ಹನ್ನೆರಡು ಜನಕ್ಕೆ ಹಂಚಿದರೆ 1,400. ಹಾಗಾಗಿ ಯಾರೂ ನಿಮ್ಮಿಂದ ದುಡ್ಡು ಹೊಡೆಯುತ್ತಿಲ್ಲ.

ಸರ್ಕಾರದ ಜಾಗ ಖಂಡಿತ ಇದೆ. ಡಬ್ಲ್ಯೂಎಂಎ (ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಏರಿಯಾ) ಅನ್ನುತ್ತಾರೆ, ರಾಜ್ಯದಲ್ಲಿ ಎಲ್ಲ ಸೇರಿ ಹತ್ತಿರ ಹತ್ತಿರ 10 ಲಕ್ಷ ಎಕರೆ. ಅನುಭವ ಇದ್ದವರಿಗೆ ಅದು ಒಳ್ಳೆಯದೇ. ಕೆಲವು ಕಡೆ ಲಾಟರಿ ಎತ್ತಿ ಜಾಗ ಕೊಡುತ್ತಾರೆ, ಕೆಲವು ಕಡೆ ಯಾರು ಬೇಕಾದರೂ ಬರಬಹುದು. ಸೀಸನ್ ಶುರುವಾದ ಶನಿವಾರ ನೋಡಬೇಕು, ಬೆಳಗಿನ ಜಾವ ನಾಲ್ಕೂವರೆಗೆ ಪಾರ್ಕಿಂಗ್ ತುಂಬಿರುತ್ತದೆ. ಕತ್ತಲಲ್ಲಿ ಹೋಗಿ ಮರದ ಮೇಲೆ ಕೂತಿರುತ್ತೀರಿ, ಬೆಳಕು ಹರಿದ ಮೇಲೆ ಎದುರಿನ ದಿಬ್ಬದಲ್ಲಿ ಇನ್ನೊಬ್ಬರ ಕಿತ್ತಳೆ ಜಾಕೆಟ್ (ಬೇಟೆಗಾರರು ಒಬ್ಬರಿಗೊಬ್ಬರು ಕಾಣಲಿ ಅಂತ ಹಾಕುವುದು) ಕಾಣುತ್ತದೆ. ಅವರು ಯಾರು, ಅವರ ಕೋವಿಯ ಮೂತಿ ಯಾವ ಕಡೆ ಇದೆ, ನಿಮಗೆ ಗೊತ್ತಿಲ್ಲ.

ನನ್ನ ಮಟ್ಟಿಗೆ ಕ್ಲಬ್ಬಿಗೆ ಕೊಡುವ ದುಡ್ಡು ಈ ಒಂದು ಸಂಗತಿಗೆ. ನಮ್ಮ ಗೇಟಿನ ಹತ್ತಿರ ಒಂದು ಬೋರ್ಡ್ ಇದೆ. ಅದರ ಮೇಲೆ ಜಾಗದ ಮ್ಯಾಪು, ಪ್ರತಿ ಸ್ಟ್ಯಾಂಡಿಗೂ (ಮರದ ಮೇಲೆ ಕಾದು ಕೂರುವ ಅಟ್ಟಣೆ) ಒಂದು ಮೊಳೆ. ಒಳಗೆ ಹೋಗುವವರು ತಮ್ಮ ಹೆಸರಿನ ಬಿಲ್ಲೆಯನ್ನು ಆ ಮೊಳೆಗೆ ನೇತುಹಾಕಿಯೇ ಹೋಗಬೇಕು, ಹೊರಗೆ ಬರುವಾಗ ತೆಗೆಯಬೇಕು. ಬಿಲ್ಲೆ ನೇತಾಡುತ್ತಿರುವ ಜಾಗದ ಸುತ್ತ ಬೇರೆ ಯಾರೂ ಕಾಲಿಡುವ ಹಾಗಿಲ್ಲ. ಕತ್ತಲಾದ ಮೇಲೂ ಯಾರದ್ದಾದರೂ ಬಿಲ್ಲೆ ಅಲ್ಲೇ ಇದ್ದರೆ ಫೋನ್ ಮಾಡುತ್ತೇವೆ, ಎತ್ತದಿದ್ದರೆ ಟಾರ್ಚ್ ಹಿಡಿದು ಹೋಗುತ್ತೇವೆ. ಮರದಿಂದ ಬೀಳುವುದು ಇಲ್ಲಿ ದೊಡ್ಡ ಅಪಾಯ. ಬಿದ್ದವನನ್ನು ಹುಡುಕಲು ಅವನು ಯಾವ ಮರದಲ್ಲಿದ್ದ ಅಂತ ಗೊತ್ತಿರಬೇಕಲ್ಲ.

ನಾನು ಬೆಳೆದದ್ದು ಕೋವಿ ಇದ್ದ ಮನೆಯಲ್ಲೇ. ಅಪ್ಪನದು ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ತಗೊಂಡ ಒಂಟಿನಳಿಗೆ. ಪ್ರತಿ ಚುನಾವಣೆಗೂ ಅದನ್ನು ಪೊಲೀಸ್ ಸ್ಟೇಷನ್ನಿಗೆ ಕೊಟ್ಟು, ಚೀಟಿ ಬರೆಸಿಕೊಂಡು, ಆಮೇಲೆ ಬಿಡಿಸಿಕೊಂಡು ಬರುವುದೇ ಒಂದು ಹಬ್ಬ. ಹಂದಿ ಬಂದರೆ ಗಾಳಿಗೆ ಒಂದು ಈಡು ಹೊಡೆದು ಓಡಿಸುತ್ತಿದ್ದರು. ಅಜ್ಜನ ಕಾಲದವರು ಹಳು ಸೋವಿಸಿದ್ದು (ಪೊದೆ ಬಡಿದು ಪ್ರಾಣಿ ಎಬ್ಬಿಸುವುದು), ಮರಸು ಕೂತದ್ದು (ಅವಿತು ಕಾಯುವುದು) ಎಲ್ಲ ಕಥೆಯಾಗಿ ಕೇಳಿದ್ದೇನೆ. ನನ್ನ ಕೈಗೆ ಕೋವಿ ಕೊಟ್ಟು ಕಲಿಸಿದವರು ಮಾತ್ರ ಇಲ್ಲಿಯವರು. ನಮ್ಮ ಕ್ಲಬ್ಬಿನಲ್ಲಿ ಒಬ್ಬ ಹಿರಿಯರಿದ್ದಾರೆ, ಪೇಪರ್ ಮಿಲ್ಲಿನಿಂದ ನಿವೃತ್ತರಾದವರು, ಮಾತು ಬಹಳ ಕಡಿಮೆ. ಮೊದಲ ಸೀಸನ್ ಪೂರ್ತಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗಾಳಿ ಯಾವ ಕಡೆ ಇದೆ ಅಂತ ತಿಳಿಯಲು ಒಂದು ಚಿಕ್ಕ ಬಾಟಲಿಯಿಂದ ಪೌಡರ್ ಊದಿ ತೋರಿಸುತ್ತಿದ್ದರು. ಜಿಂಕೆ ಎದುರಿಗೇ ನಿಂತಿದ್ದರೂ "ಬೇಡ, ಹಿಂದೆ ಏನಿದೆ ಕಾಣುತ್ತಿಲ್ಲ" ಅಂತ ಕೋವಿ ಕೆಳಗಿಳಿಸಲು ಹೇಳಿದ್ದಾರೆ. ಗುಂಡು ತಗುಲಿದ ಮೇಲೂ ಕೂಡಲೇ ಇಳಿದು ಓಡಬಾರದು, ಅರ್ಧ ಗಂಟೆ ಸುಮ್ನೆ ಕೂತಿರಬೇಕು. ಅಟ್ಟಿಸಿಕೊಂಡು ಹೋದರೆ ಅದು ಇನ್ನೂ ದೂರ ಓಡಿ ಪೊದೆಯಲ್ಲಿ ಸಾಯುತ್ತದೆ, ನಮಗೂ ಸಿಗುವುದಿಲ್ಲ. ರಕ್ತದ ಬಣ್ಣ ನೋಡಿ ಎಲ್ಲಿ ತಗುಲಿದೆ ಅಂತ ಹೇಳುವುದು, ಹೊಟ್ಟೆ ಸೀಳುವಾಗ ಕರುಳು ಒಡೆಯದ ಹಾಗೆ ಚಾಕು ಹಿಡಿಯುವುದು, ಇವನ್ನೆಲ್ಲ ಯೂಟ್ಯೂಬಿನಲ್ಲಿ ನೋಡಬಹುದು. ಆದರೆ ಸಂಜೆ ಆರು ಗಂಟೆಗೆ, ಚಳಿಯಲ್ಲಿ, ಕೈ ನಡುಗುತ್ತಿರುವಾಗ ಪಕ್ಕದಲ್ಲಿ ಒಬ್ಬರು ಇರುವುದು ಬೇರೆಯೇ. ಅರವತ್ತು ಕೆಜಿ ಜಿಂಕೆಯನ್ನು ಹಳ್ಳದಿಂದ ಮೇಲಕ್ಕೆ ಎಳೆಯುವಾಗಲಂತೂ ಅದು ಚೆನ್ನಾಗಿ ಅರ್ಥವಾಗುತ್ತದೆ!

ಮಾಂಸ: ಒಂದು ಸಾಧಾರಣ ಹೆಣ್ಣು ಜಿಂಕೆಯಿಂದ ಮೂಳೆ ತೆಗೆದ ಮೇಲೆ ಹದಿನೈದು ಕೆಜಿ ಆಸುಪಾಸು ಸಿಗುತ್ತದೆ. ಕೊಬ್ಬೇ ಇರುವುದಿಲ್ಲ. ಕುರಿ ಸಾರಿನ ಹಾಗೆ ಕುದಿಸಿದರೆ ಚಪ್ಪಲಿ. ತೊಡೆಯನ್ನು ಕೈಮಾ ಮಾಡಿಸಿ ಉಂಡೆ ಸಾರು ಮಾಡಿ, ಬೆನ್ನಿನ ಉದ್ದ ತುಂಡನ್ನು ಕರಿಮೆಣಸು ಹಾಕಿ ಬಾಣಲೆಯಲ್ಲಿ ಎರಡೇ ನಿಮಿಷ ತಿರುವಿ ತೆಗೆಯಿರಿ. ಮಾರುವ ಹಾಗಿಲ್ಲ, ಹಂಚಬಹುದು. ದೀಪಾವಳಿ ಹೊತ್ತಿಗೆ ನನ್ನ ಫೋನಿಗೆ ಇದ್ದಕ್ಕಿದ್ದಂತೆ ಪ್ರೀತಿಯ ಮೆಸೇಜುಗಳು ಶುರುವಾಗುತ್ತವೆ.

ಈಗ ಬೇಸರದ ಭಾಗ. ಗುತ್ತಿಗೆ ವರ್ಷ ವರ್ಷದ್ದು. ಜಾಗ ಮಾರಿದರೆ ಕ್ಲಬ್ಬೂ ಹೋಯಿತು, ಮರ ಕಡಿದರೆ ನಿಮ್ಮ ಇಷ್ಟದ ಸ್ಟ್ಯಾಂಡು ಬಯಲಿನಲ್ಲಿ ನಿಂತಿರುತ್ತದೆ. ಒಳಗೆ ರಾಜಕೀಯ ಜಾಸ್ತಿ. ಯಾರು ಅತಿಥಿಯನ್ನು ಕರೆದುಕೊಂಡು ಬಂದರು, ಯಾರು ಚಿಕ್ಕ ಕೊಂಬಿನದನ್ನು ಹೊಡೆದರು, ಎಲ್ಲರೂ ಸೇರಿ ಜಾಗ ಸರಿಮಾಡುವ ಕೆಲಸದ ದಿನ ಯಾರು ಬರಲಿಲ್ಲ, ಇದೇ ಜಗಳ. ರಾಜ್ಯದ ನಿಯಮದಲ್ಲಿ ಒಬ್ಬರಿಗೆ ಸೀಸನ್ನಿಗೆ 12 ಜಿಂಕೆ, ಅದರಲ್ಲಿ ಕೊಂಬಿನದು ಎರಡೇ. ಕ್ಲಬ್ಬುಗಳು ಅದಕ್ಕಿಂತ ಬಿಗಿ ನಿಯಮ ಇಟ್ಟುಕೊಳ್ಳುತ್ತವೆ, ಮುರಿದರೆ ದಂಡ. ನಮ್ಮ ಬಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ. ಗೇಟಿನ ಬೀಗ ತೆಗೆಯುತ್ತಿದ್ದಾಗ ದಾರಿಹೋಕರು ಟ್ರಕ್ ನಿಲ್ಲಿಸಿ "ಇಲ್ಲೇನು ಕೆಲಸ" ಅಂತ ಕೇಳಿದ್ದುಂಟು. ಕ್ಲಬ್ಬಿನವರು ಯಾರೂ ಹಾಗೆ ನಡೆದುಕೊಂಡಿಲ್ಲ. ಸದಸ್ಯರ ಕಾರ್ಡನ್ನು ಕಾರಿನ ಮುಂದಿನ ಗಾಜಿನ ಹಿಂದೆ ಇಡಿ, ಅರ್ಧ ಪ್ರಶ್ನೆ ಅಲ್ಲೇ ನಿಂತುಹೋಗುತ್ತವೆ.

ಸೇರುವ ಮುಂಚೆ ಆಗಸ್ಟಿನ ಕೆಲಸದ ದಿನಕ್ಕೆ ಹೋಗಿ ಬನ್ನಿ. ಹುಲ್ಲು ಹೊಡೆಯುವುದು, ಸ್ಟ್ಯಾಂಡನ್ನು ಮರಕ್ಕೆ ಬಿಗಿಯುವ ಪಟ್ಟಿ ಬದಲಿಸುವುದು, ಓಟ್ಸ್, ಗೋಧಿ, ಕ್ಲೋವರ್ ಬಿತ್ತಲು ಪ್ಲಾಟ್ ಹದ ಮಾಡುವುದು ಇರುತ್ತದೆ. ಕೋವಿ ಇಲ್ಲದ ದಿನ ಜನ ಹೇಗಿದ್ದಾರೆ ನೋಡಿ. ಯಾರಾದರೂ ಬೆಳಿಗ್ಗೆ ಹತ್ತಕ್ಕೇ ಬಿಯರ್ ತೆಗೆದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಹ್ಞಾಂ, ಇನ್ನೊಂದು. ಬೇಟೆಯ ಬಟ್ಟೆಯನ್ನು ಅಡುಗೆಮನೆ ಇರುವ ಮನೆಯೊಳಗೇ ಇಡಬೇಡಿ. ಇಂಗಿನ ಒಗ್ಗರಣೆ ಕುಡಿದ ಜಾಕೆಟ್ ಹಾಕಿಕೊಂಡು ಕೂತರೆ ಜಿಂಕೆ ಪಕ್ಕದ ಕೌಂಟಿಗೆ ಹೋಗುತ್ತದೆ.

ಹೂಸ್ಟನ್_ಗೌಡ:

ಅಕ್ಕ ಎಲ್ಲ ಹೇಳಿದ್ದಾರೆ. ವೀಸಾ ವಿಷಯ ನಾನು ಹೇಳುತ್ತೇನೆ, ನಾನೂ ಅದೇ ದಾರಿಯಲ್ಲಿ ಬಂದವನು. ವಕೀಲ ಅಲ್ಲ, ಒಂದು ಸಲ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್ (ಖಾಯಂ ವಾಸಕ್ಕಲ್ಲದ) ವೀಸಾದಲ್ಲಿ ಬಂದವರು ಕೋವಿ, ಗುಂಡು ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಎಚ್-1ಬಿ, ಎಚ್-4, ಎಫ್-1 ಎಲ್ಲ ಇದರಲ್ಲಿ ಬರುತ್ತವೆ. ಆದರೆ ಒಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಆಗಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯೇ ಇಲ್ಲ. ಹಾಗಾಗಿ ಕ್ರಮ ತಪ್ಪಬಾರದು. ಮೊದಲು ಹಂಟರ್ ಎಜುಕೇಶನ್ ಕೋರ್ಸ್, ಆಮೇಲೆ ಲೈಸೆನ್ಸ್, ಅದಾದ ಮೇಲೆ ಕೋವಿ. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ "ಸುಮ್ನೆ ಒಂದು ಗುಂಡು" ಅಂತ ಹೊಡೆಯುವುದಕ್ಕೂ ಲೈಸೆನ್ಸ್ ಇರಲಿ.

ಇಲ್ಲಿ ಟೆಕ್ಸಾಸಿನಲ್ಲಿ ಒಂದು ಗುಂಡಿ ಇದೆ, ನಮ್ಮ ಹುಡುಗರು ನೋಡದೆ ಕಾಲಿಡುತ್ತಾರೆ. 2019ರಿಂದ ಖಾಸಗಿ ಜಾಗದಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ಕಾಡುಹಂದಿ ಹೊಡೆಯಲು ರಾಜ್ಯದ ಲೈಸೆನ್ಸ್ ಬೇಡ. ಸರಿ ಅಂತ ಎಚ್-1ಬಿ ಹುಡುಗರು ದುಡ್ಡು ಕೊಟ್ಟು ಹಂದಿ ಬೇಟೆಗೆ ಹೊರಡುತ್ತಾರೆ. ಹಂದಿಗೆ ಲೈಸೆನ್ಸ್ ಬೇಡ ನಿಜ, ನಿಮ್ಮ ಕೈಯಲ್ಲಿರುವ ಕೋವಿಗೆ ಬೇಕು! ಲೈಸೆನ್ಸ್ ಫೀಸು ಉಳಿಸಲು ಹೋಗಿ ಫೆಡರಲ್ ಅಪರಾಧ ಮೈಮೇಲೆ ಎಳೆದುಕೊಳ್ಳುವುದು ಯಾಕೆ?

ಕೋವಿಯೇ ಬೇಡ ಅಂದರೆ ಬಿಲ್ಲು ಇಲ್ಲವೇ ಕ್ರಾಸ್‌ಬೋ (ಕೋವಿಯ ಹಾಗೆ ಕುದುರೆ ಒತ್ತಿ ಬಾಣ ಬಿಡುವ ಬಿಲ್ಲು) ಹಿಡಿಯಿರಿ. ಈ ಫೆಡರಲ್ ತಡೆ ಅದಕ್ಕೆ ಅನ್ವಯಿಸುವುದಿಲ್ಲ. ಜಾರ್ಜಿಯಾದಲ್ಲಿ ಬಿಲ್ಲಿನ ಸೀಸನ್ ಸೆಪ್ಟೆಂಬರಿಗೇ ಶುರು, ಕೋವಿಗೆ ಒಂದು ತಿಂಗಳು ಮುಂಚೆ.

ಜಯನಗರ_ನಾಲ್ಕನೇ_ಬ್ಲಾಕ್:

ನನ್ನದು ಒಂದು ಅಪಸ್ವರ, ತಪ್ಪು ತಿಳಿಯಬೇಡಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಗೆ ತಡೆ ಬಿತ್ತು, ಅದರಿಂದಲೇ ಬಂಡೀಪುರ ನಾಗರಹೊಳೆಯಲ್ಲಿ ಇವತ್ತು ಪ್ರಾಣಿ ಕಾಣುತ್ತಿವೆ. ಅಮೆರಿಕಕ್ಕೆ ಹೋಗಿ ದುಡ್ಡು ಕೊಟ್ಟು ಜಿಂಕೆ ಕೊಲ್ಲುವುದರಲ್ಲಿ ಏನು ಲಾಭ? ಕಾಡಿನಲ್ಲಿ ಕೂರಬೇಕು ಅಂದರೆ ಕ್ಯಾಮೆರಾ ಹಿಡಿದು ಕೂರಬಹುದಲ್ವಾ?

ಕೊಪ್ಪದ_ಅಕ್ಕ:

ತಪ್ಪು ಯಾಕೆ ತಿಳಿಯಲಿ. ಊರಿನಲ್ಲಿ ಯಾರಾದರೂ ಕದ್ದು ಶಿಕಾರಿ ಮಾಡಿದರೆ ಅರಣ್ಯ ಇಲಾಖೆಗೆ ಫೋನ್ ಮಾಡುವವಳು ನಾನೇ. ಅಲ್ಲಿಯ ಸ್ಥಿತಿ ಬೇರೆ. ನಾಗರಹೊಳೆಯ ಜಿಂಕೆಗೆ ಹುಲಿ ಇದೆ, ಚಿರತೆ ಇದೆ, ಕಾಡುನಾಯಿ ಇದೆ. ಜಾರ್ಜಿಯಾದಲ್ಲಿ ತೋಳ, ಕೂಗರ್ (ಬೆಟ್ಟದ ಸಿಂಹ) ಎರಡೂ ಹೋಗಿ ತುಂಬಾ ಕಾಲವಾಯಿತು. ಕೊಯೋಟೆ (ತೋಳದ ಜಾತಿಯ ಚಿಕ್ಕ ಪ್ರಾಣಿ) ಜಿಂಕೆ ಮರಿಗಳನ್ನು ಹಿಡಿಯುತ್ತದೆ, ಬೆಳೆದ ಜಿಂಕೆಗೆ ಅದೇನೂ ದೊಡ್ಡ ಲೆಕ್ಕವಲ್ಲ. ನವೆಂಬರಿನಲ್ಲಿ ಗಂಡು ಜಿಂಕೆಗೆ ಮದ ಬಂದಾಗ ರಾತ್ರಿ ಕಾರು ಓಡಿಸಿದವರಿಗೆ ಕೇಳಿ, ರಸ್ತೆ ಬದಿ ಎಷ್ಟು ಬಿದ್ದಿರುತ್ತವೆ ಅಂತ.

ಇಲ್ಲಿಯೂ ಒಂದು ಕಾಲಕ್ಕೆ ಮಿತಿಯಿಲ್ಲದೆ ಹೊಡೆದು ಜಿಂಕೆಯನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿದ್ದರು. ಉತ್ತರ ಜಾರ್ಜಿಯಾದ ಬೆಟ್ಟಗಳಲ್ಲಿ ಒಂದೂ ಉಳಿದಿರಲಿಲ್ಲ ಅನ್ನುವಷ್ಟು. ಆರ್ಥರ್ ವುಡಿ ಅನ್ನುವ ಫಾರೆಸ್ಟ್ ರೇಂಜರ್ 1920ರ ದಶಕದ ಕೊನೆಯಲ್ಲಿ ಬೇರೆ ಕಡೆಯಿಂದ ಮರಿಗಳನ್ನು ತಂದು ಸಾಕಿ ಆ ಬೆಟ್ಟಗಳಿಗೆ ಬಿಟ್ಟರು. ಆಮೇಲೆ ರಾಜ್ಯವೂ ದಶಕಗಟ್ಟಲೆ ಜಿಂಕೆ ತಂದು ತಂದು ಬಿಟ್ಟಿತು. ಈಗ ಇರುವುದು 10 ಲಕ್ಷಕ್ಕೂ ಮೇಲೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಅಂತ ಒಂದಿದೆ. ಉದ್ದ ಕೋವಿ ಮತ್ತು ಗುಂಡಿನ ಮೇಲೆ ಶೇ 11 ತೆರಿಗೆ ಹಾಕಿ, ಆ ದುಡ್ಡನ್ನು ವನ್ಯಜೀವಿ ಕೆಲಸಕ್ಕೆ ರಾಜ್ಯಗಳಿಗೆ ಹಂಚುತ್ತಾರೆ. ಬಂದೂಕು ಕೊಳ್ಳುವವನ ದುಡ್ಡಿನಲ್ಲೇ ಕಾಡು ನೋಡಿಕೊಳ್ಳುವ ಏರ್ಪಾಡು.

ಇಷ್ಟು ಹೇಳಿದ ಮೇಲೂ ಕೊಲ್ಲುವುದು ಕೊಲ್ಲುವುದೇ. ಅದನ್ನು ಸಿಹಿ ಮಾಡಿ ಹೇಳಲು ನನಗೆ ಬರುವುದಿಲ್ಲ. ಅಂಗಡಿಯಲ್ಲಿ ಪ್ಯಾಕೆಟ್ಟಿನ ಕೋಳಿ ತರುವ ನನಗೆ ಅದು ಬೇಡ, ಇದು ಬೇಡ ಅನ್ನುವ ಹಕ್ಕು ಇಲ್ಲ ಅನಿಸಿತು, ಅಷ್ಟೇ. ನಿಮಗೆ ಒಪ್ಪಿಗೆ ಇಲ್ಲದಿದ್ದರೂ ಸರಿ. ಮತ್ತೆ, ಕ್ಯಾಮೆರಾ ಹಿಡಿದು ಕೂರುವುದೂ ನಡೆಯುತ್ತದೆ. ಕ್ಲಬ್ಬಿನಲ್ಲಿ ಕೂತ ಬೆಳಗುಗಳಲ್ಲಿ ಹೆಚ್ಚಿನವು ಬರಿಗೈಯಲ್ಲೇ ಮುಗಿಯುತ್ತವೆ. ಕಾಡು ಟರ್ಕಿ ಕೋಳಿ ಮರದಿಂದ ಇಳಿಯುವುದು, ಬಾಬ್‌ಕ್ಯಾಟ್ ಅನ್ನುವ ಕಾಡುಬೆಕ್ಕು ಮೆಲ್ಲಗೆ ದಾಟುವುದು ನೋಡಿ ಮನೆಗೆ ಬರುವುದೇ ಜಾಸ್ತಿ.

ಆಗಸ್ಟಾ_ಡಾಕ್ಟ್ರು:

ಆರೋಗ್ಯದ ಎರಡು ಮಾತು. ಜಾರ್ಜಿಯಾದಲ್ಲಿ ಉಣ್ಣೆ (ಟಿಕ್) ವಿಪರೀತ. ಲೋನ್ ಸ್ಟಾರ್ ಅನ್ನುವ ಜಾತಿ ಕಚ್ಚಿದರೆ ಕೆಲವರಿಗೆ ಆಲ್ಫಾ-ಗ್ಯಾಲ್ ಅನ್ನುವ ಅಲರ್ಜಿ ಬರುತ್ತದೆ. ಕುರಿ, ದನ, ಹಂದಿ, ಜಿಂಕೆ ಯಾವುದೂ ಆಗುವುದಿಲ್ಲ, ಕೆಲವರಿಗೆ ಹಾಲೂ ಆಗುವುದಿಲ್ಲ. ತಿಂದು ಕೆಲವು ಗಂಟೆ ಕಳೆದ ಮೇಲೆ ಮೈ ತುಂಬಾ ದದ್ದು, ಹೊಟ್ಟೆನೋವು, ಕೆಲವೊಮ್ಮೆ ಉಸಿರಿಗೇ ತೊಂದರೆ. ಬೇಟೆಗೆ ಹೋದವನು ಖಾಯಂ ಸಸ್ಯಾಹಾರಿಯಾಗಿ ವಾಪಸ್ ಬರಬಹುದು, ನಿಮ್ಮ ಮನೆಯವರಿಗೆ ಖುಷಿಯಾಗಬಹುದು. ಬಟ್ಟೆಗೆ, ಬೂಟಿಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಹೊಡೆದು ಒಣಗಿಸಿ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ.

ಇನ್ನೊಂದು ಸಿಡಬ್ಲ್ಯೂಡಿ, ಜಿಂಕೆಯ ಮಿದುಳಿಗೆ ಬರುವ ಕಾಯಿಲೆ. ಜಾರ್ಜಿಯಾದಲ್ಲಿ ಮೊದಲ ಸಲ ಸಿಕ್ಕಿದ್ದು 2025ರ ಜನವರಿಯಲ್ಲಿ, ದಕ್ಷಿಣದ ಲೇನಿಯರ್ ಕೌಂಟಿಯಲ್ಲಿ. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ. ಆದರೂ ಕಾಯಿಲೆ ಇದೆ ಅಂತ ಗೊತ್ತಾದ ಜಿಂಕೆಯನ್ನು ತಿನ್ನಬಾರದು. ಆ ಕಡೆ ಹೊಡೆದರೆ ಪರೀಕ್ಷೆ ಮಾಡಿಸಿ. ಮರ ಹತ್ತುವಾಗ ಹಾರ್ನೆಸ್ (ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಪಟ್ಟಿ) ಬೇಕೇ ಬೇಕು, ನೆಲ ಬಿಡುವ ಮುಂಚೆಯೇ ಹಗ್ಗಕ್ಕೆ ಕೊಂಡಿ ಹಾಕಿ.

ಬೆಣ್ಣೆದೋಸೆ_ಕಮಿಂಗ್:

ಅಕ್ಕ, ಗೌಡ್ರೇ, ಡಾಕ್ಟ್ರೇ, ಎಲ್ಲರಿಗೂ ಥ್ಯಾಂಕ್ಸ್. ಆಫೀಸಿನವರನ್ನು ಕೇಳಿದೆ, ಅವರ ಕ್ಲಬ್ಬಿನಲ್ಲೂ ಬಿಲ್ಲೆ ನೇತುಹಾಕುವ ಬೋರ್ಡ್ ಇದೆಯಂತೆ. ಕೆಲಸದ ದಿನಕ್ಕೆ ಬರುತ್ತೇನೆ ಅಂದದ್ದಕ್ಕೆ ಅವರಿಗೆ ಆಶ್ಚರ್ಯ. ಆನ್‌ಲೈನ್ ಕೋರ್ಸ್ ಶುರು ಮಾಡಿದ್ದೇನೆ. ಕಿತ್ತಳೆ ಬಣ್ಣ ಜಿಂಕೆಗೆ ಎದ್ದು ಕಾಣುವುದಿಲ್ಲ ಅಂತ ಅದರಲ್ಲೇ ಗೊತ್ತಾಯಿತು. ಈ ವರ್ಷ ಕ್ರಾಸ್‌ಬೋ, ಕೋವಿ ಆಮೇಲೆ ನೋಡೋಣ.

ಒಂದು ಅನುಮಾನ. ಮೊದಲ ವರ್ಷ ಅರ್ಧ ದುಡ್ಡು ಕೊಟ್ಟು ಸೇರುವ ಪದ್ಧತಿ ಏನಾದರೂ ಇದೆಯಾ?

ಕೊಪ್ಪದ_ಅಕ್ಕ:

ಕೆಲವು ಕಡೆ ಇದೆ, ಕೇಳಿ ನೋಡಿ. ಇಲ್ಲ ಅಂದರೆ ಪೂರ್ತಿ ಕೊಡುವ ಮುಂಚೆ ಎರಡು ಕಾಗದ ಕೇಳಿ ಪಡೆಯಿರಿ: ಗುತ್ತಿಗೆಯ ಪ್ರತಿ, ಇನ್ಶೂರೆನ್ಸಿನ ಪ್ರತಿ. ಗುತ್ತಿಗೆ ಯಾವ ತಿಂಗಳಿಗೆ ಮುಗಿಯುತ್ತದೆ, ಈ ವರ್ಷ ಮರ ಕಡಿಯುವ ಯೋಚನೆ ಇದೆಯಾ ಅಂತಲೂ ಕೇಳಿ. ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಬರುವುದಿಲ್ಲ ಅನ್ನುವುದು ಹೆಚ್ಚುಕಡಿಮೆ ಎಲ್ಲ ಕಡೆಯ ನಿಯಮ. ಕ್ರಾಸ್‌ಬೋ ಒಳ್ಳೆಯ ಯೋಚನೆ. ಆದರೆ ಮೂವತ್ತು ಗಜದ ಆಚೆಗೆ ಆಸೆ ಪಡಬೇಡಿ. ಮತ್ತೆ ಮನೆಯವರು ಏನಂದರು?

ಬೆಣ್ಣೆದೋಸೆ_ಕಮಿಂಗ್:

ಒಪ್ಪಿದ್ದಾರೆ, ಷರತ್ತಿನ ಮೇಲೆ. ಬೇರೆ ಫ್ರೀಜರ್, ಬೇರೆ ಪಾತ್ರೆ, ಬೇರೆ ಒಲೆ, ಮೂರೂ ಗ್ಯಾರೇಜಿನಲ್ಲಿ. ಅಟ್ಲಾಂಟಾ ಕಡೆ ಯಾರಾದರೂ ಸೆಕೆಂಡ್ ಹ್ಯಾಂಡ್ ಚೆಸ್ಟ್ ಫ್ರೀಜರ್ ಮಾರುವವರಿದ್ದರೆ ತಿಳಿಸಿ, ಏಳು ಕ್ಯೂಬಿಕ್ ಅಡಿ ಸಾಕು.